ಪೇಟೆಯ ಬಗೆಗಳು ಮತ್ತು ಪೈಪೋಟಿ

ಪೇಟೆ ಎಂಬ ಮಾತನ್ನು ಕೇಳಿದೊಡನೆ ಅಂಗಡಿಗಳ ಸಾಲೊಂದು ನಮ್ಮ ಕಣ್ಣಮುಂದೆ ಬರುವುದು ಸಹಜವೇ ಸರಿ. ನಮ್ಮ ಬೆಂಗಳೂರು ಪೇಟೆಗಳಿಂದಲೇ ಬೆಳೆದ ಊರು. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಊರಿನೊಳಗೆ ಅಕ್ಕಿಪೇಟೆ, ಅರಳೆಪೇಟೆ, ರಾಗಿಪೇಟೆ, ತರಗುಪೇಟೆ, ಬಳೇಪೇಟೆ ಎಂದು ಒಂದೊಂದು ಸರಕಿಗೂ ಒಂದೊಂದು ಬೀದಿಯು ಏರ್ಪಟ್ಟಿತು. ಒಂದೇ ಸರಕನ್ನು ಮಾರುವವರು ಒಬ್ಬರ ಪಕ್ಕದಲ್ಲೊಬ್ಬರು ಕುಳಿತುಕೊಳ್ಳುವುದು ಮೇಲುನೋಟಕ್ಕೆ ಅವಿವೇಕವೆಂದು ತೋರಬಹುದು. ಎದುರಾಳಿಯಿಂದ ದೂರವಿದ್ದರಲ್ಲವೇ ಲಾಭ? ಆದರೆ ಕೊಳ್ಳುವವಳು ಹತ್ತು ಅಂಗಡಿಗಳ ಬಳೆಗಳನ್ನು ಹತ್ತು ಹೆಜ್ಜೆಗಳಲ್ಲಿ ನೋಡಿ ಬೆಲೆ ಕೇಳಬಹುದಾದ ಕಡೆಗೇ ಹೋಗುತ್ತಾಳೆ. ಕೊಳ್ಳುವವರು ಎಲ್ಲಿಗೆ ಬರುತ್ತಾರೋ ಅಲ್ಲಿಗೇ ಮಾರುವವನೂ ಬರಬೇಕು. ಅರ್ಥಶಾಸ್ತ್ರವು ಪೇಟೆ ಎನ್ನುವುದು ಈ ಸಂಬಂಧವನ್ನೇ ಹೊರತು ಬೀದಿಯನ್ನಲ್ಲ. ಕೊಳ್ಳುವವರೂ ಮಾರುವವರೂ ಒಂದು ಸರಕಿನ ವಿಷಯವಾಗಿ ಒಬ್ಬರೊಡನೊಬ್ಬರು ವ್ಯವಹರಿಸಿ ಬೆಲೆಯನ್ನು ಗೊತ್ತುಮಾಡುವ ಏರ್ಪಾಡೇ ಪೇಟೆ. ಅದು ಬೀದಿಯಲ್ಲಿರಬಹುದು, ಕೈಯಲ್ಲಿ ಹಿಡಿದ ದೂರವಾಣಿಯಲ್ಲಿಯೂ ಇರಬಹುದು.

ಹತ್ತನೆಯ ತರಗತಿಯನ್ನು ದಾಟಿ ವಾಣಿಜ್ಯ ವಿಷಯವನ್ನು ಆರಿಸಿಕೊಂಡ ನಮ್ಮ ಹಳೆಯ ವಿದ್ಯಾರ್ಥಿನಿಯರು ಪೇಟೆಯ ಬಗೆಗಳನ್ನು ಪಟ್ಟಿಯಾಗಿ ಬಾಯಿಪಾಠ ಮಾಡಿರುವರು. ಆ ಪಟ್ಟಿಯನ್ನು ಇಲ್ಲಿ ಪುನಃ ಬರೆಯುವುದು ನಮ್ಮ ಉದ್ದೇಶವಲ್ಲ. ನಮ್ಮ ಸುತ್ತಲಿನ ರಾಜಾಜಿನಗರ, ವಿಜಯನಗರ, ಕೆಂಗೇರಿಗಳಲ್ಲಿ ಕಣ್ಣಿಗೆ ಬೀಳುವ ಸಂಗತಿಗಳಿಂದಲೇ ಅವುಗಳನ್ನು ವಿವರಿಸಬಹುದೆಂದು ತೋರಿ ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇವೆ.

ಮೊದಲನೆಯದು ಪೂರ್ಣ ಪೈಪೋಟಿ. ಇದಕ್ಕೆ ಕೊಳ್ಳುವವರೂ ಮಾರುವವರೂ ಅನೇಕರಿರಬೇಕು. ಒಬ್ಬನ ಸರಕಿಗೂ ಇನ್ನೊಬ್ಬನ ಸರಕಿಗೂ ಭೇದವಿರಬಾರದು. ಬೆಲೆಯು ಎಲ್ಲರಿಗೂ ತಿಳಿದಿರಬೇಕು. ಹೊಸಬನು ಒಳಗೆ ಬರುವುದಕ್ಕೂ ಹಳಬನು ಹೊರಗೆ ಹೋಗುವುದಕ್ಕೂ ಅಡ್ಡಿಯಿರಬಾರದು. ಇಷ್ಟೂ ಲಕ್ಷಣಗಳು ಒಂದೇ ಕಡೆ ಸಿಕ್ಕುವುದು ಅಪರೂಪ. ಆದರೂ ಕೋಲಾರದ ಟೊಮೇಟೊ ಮಂಡಿಯು ಅದಕ್ಕೆ ಸಮೀಪವಾದುದು. ಅಲ್ಲಿ ಒಬ್ಬ ರೈತನು ತನ್ನ ನೂರು ಪೆಟ್ಟಿಗೆಗಳನ್ನು ತಂದರೂ ತಾರದಿದ್ದರೂ ಅಂದಿನ ಬೆಲೆಯು ಒಂದು ಪೈಸೆಯಷ್ಟೂ ಅಲುಗದು. ಅವನು ಬೆಲೆಯನ್ನು ಕಟ್ಟುವವನಲ್ಲ, ಕಟ್ಟಿದ ಬೆಲೆಯನ್ನು ಒಪ್ಪುವವನು. 2023ರ ಜುಲೈ ತಿಂಗಳಿನಲ್ಲಿ 15 ಕಿಲೋಗ್ರಾಮಿನ ಒಂದು ಪೆಟ್ಟಿಗೆಗೆ 2,000 ರೂಪಾಯಿಗಳಿಗೂ ಮೇಲ್ಪಟ್ಟ ಬೆಲೆ ಬಂದುದನ್ನು ನಮ್ಮ ಗೃಹಿಣಿಯರು ಮರೆತಿರಲಾರರು. ಆ ಬೆಲೆಯನ್ನು ಕಂಡು ಎಲ್ಲರೂ ಟೊಮೇಟೊ ನೆಟ್ಟರು. ಬೇರೆ ಊರುಗಳ ಬೆಳೆಯೂ ಬಂದಿತು. ಸೆಪ್ಟೆಂಬರ್ ಹೊತ್ತಿಗೆ ಬೆಲೆಯು ಕುಸಿದುಬಿದ್ದಿತು. ರೈತರಿಗೆ ಬುದ್ಧಿಯಿಲ್ಲವೆಂದು ಪಟ್ಟಣದಲ್ಲಿ ಕುಳಿತು ಹೇಳುವವರುಂಟು. ಅದು ಸರಿಯಲ್ಲ. ನಾನು ನೆಡದೆ ಇದ್ದರೂ ಬೆಲೆಯು ಬೀಳುವುದಾದರೆ, ನಾನೊಬ್ಬನೇ ನೆಡದೆ ಇರುವುದರಿಂದ ನನಗೆ ಬರುವ ಪ್ರಯೋಜನವೇನು ಎಂಬುದು ಅವನ ಪ್ರಶ್ನೆ, ಅದಕ್ಕೆ ಉತ್ತರವಿಲ್ಲ. ಪೂರ್ಣ ಪೈಪೋಟಿಯು ಕೊಳ್ಳುವವರಿಗೆ ಬಹಳ ಹಿತವಾದುದೆಂದು ಪುಸ್ತಕಗಳು ಹೊಗಳುತ್ತವೆ. ಅದು ಮಾರುವವನಿಗೆ ಎಷ್ಟು ಕಠಿನವಾದುದೆಂಬುದನ್ನು ಹೇಳಲು ಅವು ಮರೆಯುವುದುಂಟು.

ಇದಕ್ಕೆ ನೇರವಾಗಿ ಎದುರಾದುದು ಏಕಸ್ವಾಮ್ಯ. ಇದಕ್ಕೆ ನಮ್ಮ ನೆರೆಯಲ್ಲಿಯೇ ಒಂದು ಪ್ರಸಿದ್ಧವಾದ ಉದಾಹರಣೆಯುಂಟು. ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಕಡೆ ಹೋಗುವಾಗ ಗಾಳಿಯಲ್ಲಿ ಶ್ರೀಗಂಧದ ವಾಸನೆಯನ್ನು ಕಂಡವರು ಅದರ ಹಿಂದಿರುವ ಇತಿಹಾಸವನ್ನೂ ತಿಳಿಯತಕ್ಕದ್ದು.

1792ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ಆತನ ತರುವಾಯ ಬಂದ ಮೈಸೂರಿನ ಸರಕಾರಗಳೂ ಆ ಪದ್ಧತಿಯನ್ನೇ ಉಳಿಸಿಕೊಂಡವು. ಗಂಧದ ಮರವು ಯಾರ ಹೊಲದಲ್ಲಿ ಹುಟ್ಟಿದರೂ ಅದು ಸರಕಾರದ ಸೊತ್ತು. ಭೂಮಿಯ ಒಡೆಯನಿಗೆ ಅದನ್ನು ಕಡಿಯುವ ಹಕ್ಕಿಲ್ಲ. ಮಾರುವವನು ಒಬ್ಬನೇ, ಅವನು ಸರಕಾರ. ಹರಾಜಿನಲ್ಲಿ ಮಾರಿದ ಕೊರಡುಗಳು ಹಡಗು ಹತ್ತಿ ಜರ್ಮನಿ ಮೊದಲಾದ ದೇಶಗಳಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. 1914ರಲ್ಲಿ ಮಹಾಯುದ್ಧವು ಆರಂಭವಾಗಲು ಹಡಗುಗಳು ನಿಂತವು, ಕೊರಡುಗಳು ಇಲ್ಲಿಯೇ ರಾಶಿಬಿದ್ದವು. ಏಕಸ್ವಾಮ್ಯವಿದ್ದರೇನು, ಕೊಳ್ಳುವವನೇ ಇಲ್ಲದ ಮೇಲೆ? ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಕಾಲದಲ್ಲಿ ಎಣ್ಣೆಯನ್ನು ಇಲ್ಲಿಯೇ ತೆಗೆಯುವ ಪ್ರಯತ್ನಗಳು ನಡೆದು, 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳು ಏರ್ಪಟ್ಟವು. ಆ ಎಣ್ಣೆಯಿಂದ ಮೈಸೂರು ಸ್ಯಾಂಡಲ್ ಸಾಬೂನು ಹುಟ್ಟಿತು. ಸಾಬೂನಿನ ಕಾರ್ಖಾನೆಯು 1957ರಲ್ಲಿ ರಾಜಾಜಿನಗರದ ಕಡೆಗೆ ಬಂದಿತು; 1980ರಲ್ಲಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ಸಂಸ್ಥೆಯೆಂಬ ಸರಕಾರಿ ಕಂಪೆನಿಯಾಯಿತು.

ಏಕಸ್ವಾಮ್ಯವುಳ್ಳವನು ತನ್ನ ಮನಸ್ಸಿಗೆ ಬಂದ ಬೆಲೆಯನ್ನು ಪಡೆಯಬಲ್ಲನೆಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಇದು ಅರ್ಧ ಸತ್ಯ. ಅವನು ಬೆಲೆಯನ್ನು ಕಟ್ಟಬಹುದು, ಆದರೆ ಆ ಬೆಲೆಗೆ ಎಷ್ಟು ಮಂದಿ ಕೊಳ್ಳಬೇಕೆಂಬುದನ್ನು ಕಟ್ಟಲಾರನು. ಒಂದು ಸಣ್ಣ ಲೆಕ್ಕವನ್ನು ನೋಡೋಣ. ಒಬ್ಬನು 100 ರೂಪಾಯಿಯಂತೆ 10 ಸೀಸೆಗಳನ್ನು ಮಾರಿದರೆ 1,000 ರೂಪಾಯಿ ಬರುತ್ತದೆ. ಹನ್ನೊಂದನೆಯ ಸೀಸೆಯೂ ಹೋಗಬೇಕಾದರೆ ಎಲ್ಲಕ್ಕೂ ಬೆಲೆಯನ್ನು 95ಕ್ಕೆ ಇಳಿಸಬೇಕಾಗಿದೆ ಎನ್ನಿ. ಆಗ ಬರುವುದು 1,045. ಹನ್ನೊಂದನೆಯ ಸೀಸೆಯ ಬೆಲೆ 95 ಆದರೂ ಅದರಿಂದ ಹೆಚ್ಚಾಗಿ ಬಂದದ್ದು 45 ರೂಪಾಯಿ ಮಾತ್ರ. ಅದನ್ನು ತಯಾರಿಸಲು 60 ರೂಪಾಯಿ ತಗಲುವುದಾದರೆ ಅವನು ಅದನ್ನು ತಯಾರಿಸುವುದಿಲ್ಲ. 95 ರೂಪಾಯಿ ಕೊಡಲು ಒಬ್ಬಳು ಸಿದ್ಧಳಾಗಿ ನಿಂತಿದ್ದಾಳೆ, ಸೀಸೆಗೆ ತಗಲುವುದು ಅರವತ್ತೇ. ಆದರೂ ಅವಳಿಗೆ ಅದು ಸಿಕ್ಕುವುದಿಲ್ಲ. ಏಕಸ್ವಾಮ್ಯದ ನಿಜವಾದ ನಷ್ಟವು ಇದೇ. ಬೆಲೆಯು ಹೆಚ್ಚಾಯಿತೆಂಬುದು ಎಲ್ಲರ ಕಣ್ಣಿಗೂ ಕಾಣುತ್ತದೆ, ಹುಟ್ಟದೆ ಹೋದ ಹನ್ನೊಂದನೆಯ ಸೀಸೆಯು ಯಾರ ಕಣ್ಣಿಗೂ ಕಾಣುವುದಿಲ್ಲ.

ಶ್ರೀಗಂಧದ ವಿಷಯದಲ್ಲಿ ಹುಟ್ಟದೆ ಹೋದದ್ದು ಮರಗಳೇ. ಈ ಮರವು ತನ್ನ ಬೇರುಗಳಿಂದ ನೆರೆಯ ಗಿಡಗಳ ಬೇರುಗಳನ್ನು ಹಿಡಿದು ಆಹಾರವನ್ನು ಪಡೆಯುವಂಥದು. ಹೊಲದ ಬದುವಿನಲ್ಲಿ ಹಕ್ಕಿಗಳು ಹಾಕಿದ ಬೀಜದಿಂದ ತಾನಾಗಿಯೇ ಏಳುತ್ತದೆ. ಆದರೆ ಅದರೊಳಗಿನ ಚೇಗು ಬಲಿತು ಎಣ್ಣೆ ಕೂಡಿಕೊಳ್ಳಲು ಅನೇಕ ವರ್ಷಗಳು ಬೇಕು. ಅಷ್ಟು ಕಾಲ ಕಾದವನಿಗೆ ಮರವು ತನ್ನದಲ್ಲವೆಂದರೆ ಅವನು ಏನು ಮಾಡಿಯಾನು? ಮೊಳಕೆಯಾಗಿರುವಾಗಲೇ ಕಿತ್ತು ಹಾಕಿದರೆ ತಪಾಸಣೆಯ ಕಾಟವೂ ಇಲ್ಲ, ಕಳ್ಳರ ಭಯವೂ ಇಲ್ಲ. ಅತ್ತ ಬೆಲೆಯು ಏರಿದಷ್ಟೂ ಕಳ್ಳಸಾಗಣೆಯು ಬೆಳೆಯಿತು. 2004ರಲ್ಲಿ ಹತನಾದ ವೀರಪ್ಪನ್ ಎಂಬವನ ಹೆಸರನ್ನು ಕೇಳದ ಕನ್ನಡಿಗರಿಲ್ಲ. ಅವನ ಸಂಪತ್ತಿಗೆ ಗಂಧದ ಮರವೂ ಒಂದು ಮೂಲವಾಗಿದ್ದಿತು. 2001ರಲ್ಲಿ ಅರಣ್ಯ ಕಾಯಿದೆಗೆ ತಿದ್ದುಪಡಿಯಾಗಿ, ಹೊಲದಲ್ಲಿರುವ ಗಂಧದ ಮರವು ಹೊಲದ ಒಡೆಯನದೇ ಎಂದಾಯಿತು. ಹಾಗಾದರೂ ಮಾರುವಾಗ ಅರಣ್ಯ ಇಲಾಖೆಗೆ ಅಥವಾ ಸರಕಾರಿ ಸಂಸ್ಥೆಗಳಿಗೇ ಮಾರಬೇಕೆಂಬ ಕಟ್ಟು ಬಹುಕಾಲ ಉಳಿಯಿತು. ಇಷ್ಟರಲ್ಲಿ ಆಸ್ಟ್ರೇಲಿಯಾದ ಪಶ್ಚಿಮ ಭಾಗದಲ್ಲಿ, ಆರ್ಡ್ ನದಿಯ ನೀರಾವರಿಯ ನೆಲದಲ್ಲಿ, ನಮ್ಮ ಜಾತಿಯದೇ ಆದ ಶ್ರೀಗಂಧದ ತೋಪುಗಳು ಎದ್ದವು. ಒಬ್ಬನೇ ಮಾರುವ ಪೇಟೆಯಲ್ಲಿ ಬೆಲೆಯು ಬಹುಕಾಲ ಎತ್ತರದಲ್ಲಿದ್ದರೆ ಎಲ್ಲಿಂದಲೋ ಒಬ್ಬ ಹೊಸಬನು ಬಂದೇ ಬರುವನು. ಕಾಯಿದೆಯು ಸೀಮೆಯ ಗಡಿಯವರೆಗೆ ಮಾತ್ರ ಕಾಯಬಲ್ಲದು.

ಏಕಸ್ವಾಮ್ಯವು ಕಾಡಿನಲ್ಲಿ ಮಾತ್ರವೇ ಇರುವುದೆಂದು ತಿಳಿಯಬೇಡಿ. ಸಮವಸ್ತ್ರದ ಬಟ್ಟೆಯನ್ನು ಇಂಥ ಅಂಗಡಿಯಲ್ಲಿಯೇ ಕೊಳ್ಳತಕ್ಕದ್ದೆಂದು ಶಾಲೆಯೊಂದು ಕಟ್ಟಳೆ ಮಾಡಿದರೆ ಅದೂ ಒಂದು ಪುಟ್ಟ ಏಕಸ್ವಾಮ್ಯವೇ. ನಮ್ಮ ಶಾಲೆಯಲ್ಲಿ ಬಣ್ಣವನ್ನೂ ಮಾದರಿಯನ್ನೂ ತಿಳಿಸಿ, ಅಂಗಡಿಯ ಆಯ್ಕೆಯನ್ನು ಪೋಷಕರಿಗೇ ಬಿಟ್ಟಿರುವುದು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ.

ಈಗ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಗಂಧದ ಮರಕ್ಕೆ ಏಕಸ್ವಾಮ್ಯವಿದ್ದಿತು. ಗಂಧದ ಸಾಬೂನಿಗೆ ಅದು ಇದ್ದಿತೇ? ಮೈಸೂರು ಸ್ಯಾಂಡಲ್ ಎಂಬ ಹೆಸರಿನ ಸಾಬೂನನ್ನು ಬೇರೆ ಯಾರೂ ಮಾರಲಾರರು. 2006ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆ ಮಟ್ಟಿಗೆ ಅದು ಏಕಸ್ವಾಮ್ಯ. ಆದರೆ ಅಂಗಡಿಯ ಕಪಾಟಿನಲ್ಲಿ ಅದರ ಪಕ್ಕದಲ್ಲಿಯೇ ಇಪ್ಪತ್ತು ಬಗೆಯ ಸಾಬೂನುಗಳಿವೆ. ಬೆಲೆಯು ಹೆಚ್ಚೆನಿಸಿದರೆ ಕೈಯು ಪಕ್ಕಕ್ಕೆ ಸರಿಯುತ್ತದೆ. ಆ ಮಟ್ಟಿಗೆ ಅದು ಪೈಪೋಟಿ. ಇಂಥ ಬೆರಕೆಯಾದ ಸ್ಥಿತಿಗೆ ಏಕಸ್ವಾಮ್ಯದ ಪೈಪೋಟಿ ಎಂದು ಹೆಸರು. ವಿಜಯನಗರದ ದರ್ಶಿನಿಗಳೂ, ಕೇಶಾಲಂಕಾರದ ಅಂಗಡಿಗಳೂ, ದರ್ಜಿಗಳೂ ಈ ಗುಂಪಿಗೇ ಸೇರಿದವರು. ಒಂದು ಹೋಟೆಲಿನ ದೋಸೆಯು ಇನ್ನೊಂದರ ದೋಸೆಯಲ್ಲ. ಆದರೆ ಎರಡೂ ದೋಸೆಯೇ. ಇಲ್ಲಿ ಹೋರಾಟವು ಬೆಲೆಯಿಂದ ಮಾತ್ರವಲ್ಲದೆ ಆಕಾರ, ಹೊದಿಕೆ, ಹೆಸರು, ಜಾಹೀರಾತುಗಳಿಂದಲೂ ನಡೆಯುತ್ತದೆ. ಆ ಸಾಬೂನಿನ ಅಂಡಾಕಾರವೂ, ಆನೆಯ ತಲೆಯೂ ಸಿಂಹದ ದೇಹವೂ ಉಳ್ಳ ಶರಭದ ಚಿಹ್ನೆಯೂ ಇದಕ್ಕಾಗಿಯೇ ಇರುವುವು. 2025ರಲ್ಲಿ ಚಲನಚಿತ್ರ ನಟಿಯೊಬ್ಬರನ್ನು ಎರಡು ವರ್ಷಗಳಿಗೆ 6.2 ಕೋಟಿ ರೂಪಾಯಿಗಳಿಗೆ ಪ್ರಚಾರ ರಾಯಭಾರಿಯನ್ನಾಗಿ ನೇಮಿಸಿದಾಗ ನಾಡಿನಲ್ಲಿ ಬಹಳ ಚರ್ಚೆಯಾಯಿತು. ಕನ್ನಡದವರನ್ನೇಕೆ ನೇಮಿಸಲಿಲ್ಲವೆಂದು ಎಲ್ಲರೂ ಕೇಳಿದರು. ಟೊಮೇಟೊ ಬೆಳೆಯುವವನಿಗೆ ರಾಯಭಾರಿಯೇ ಬೇಡದಿರುವಾಗ ಸಾಬೂನಿಗೆ ಏಕೆ ಬೇಕು ಎಂದು ಕೇಳಿದವರು ಕಡಮೆ. ಅರ್ಥಶಾಸ್ತ್ರದ ವಿದ್ಯಾರ್ಥಿನಿಯು ಕೇಳಬೇಕಾದ ಪ್ರಶ್ನೆಯು ಅದು.

ಈ ಬೆರಕೆಯ ಸ್ಥಿತಿಯನ್ನು ಕುರಿತು 1933ರಲ್ಲಿ ಎರಡು ಗ್ರಂಥಗಳು ಹೊರಬಂದವು. ಒಂದನ್ನು ಬರೆದವರು ಅಮೆರಿಕದ ಎಡ್ವರ್ಡ್ ಚೇಂಬರ್ಲಿನ್, ಇನ್ನೊಂದನ್ನು ಬರೆದವರು ಇಂಗ್ಲೆಂಡಿನ ಜೋನ್ ರಾಬಿನ್ಸನ್ ಎಂಬ ಮಹಿಳೆ. ಈಕೆ 1926ರಲ್ಲಿ ಪತಿಯೊಡನೆ ಗ್ವಾಲಿಯರಿಗೆ ಬಂದು ಸುಮಾರು ಎರಡು ವರ್ಷ ನಮ್ಮ ದೇಶದಲ್ಲಿದ್ದವರು. ಕೇಂಬ್ರಿಜ್‌ನಲ್ಲಿ 1925ರಲ್ಲಿ ವ್ಯಾಸಂಗವನ್ನು ಮುಗಿಸಿದರೂ, ಆ ವಿಶ್ವವಿದ್ಯಾನಿಲಯವು ಸ್ತ್ರೀಯರಿಗೆ ಪೂರ್ಣ ಪದವಿಯನ್ನು ಕೊಡಲಾರಂಭಿಸಿದ್ದು 1948ರಲ್ಲಿ. ಈಕೆಯು ಅಲ್ಲಿ ಪ್ರಾಧ್ಯಾಪಕರಾದದ್ದು 1965ರಲ್ಲಿ. ಪಾಂಡಿತ್ಯದ ಪೇಟೆಯಲ್ಲಿಯೂ ಪ್ರವೇಶಕ್ಕೆ ಅಡ್ಡಿಯಿರುವುದುಂಟು ಎಂಬುದನ್ನು ನಮ್ಮ ಹುಡುಗಿಯರು ಅರಿತಿರಲಿ. ಈಕೆ ಕೊಟ್ಟ ಇನ್ನೊಂದು ವಿಚಾರವನ್ನು ಮುಂದೆ ಹೇಳುವೆವು.

ಮಾರುವವರು ಒಬ್ಬರೂ ಅಲ್ಲ, ಅನೇಕರೂ ಅಲ್ಲ, ನಾಲ್ಕೈದು ಮಂದಿ ಮಾತ್ರ ಎಂಬ ಪೇಟೆಗೆ ಅಲ್ಪಸ್ವಾಮ್ಯವೆಂದು ಹೆಸರು. 1838ರಲ್ಲಿಯೇ ಫ್ರಾನ್ಸಿನ ಕೂರ್ನೋ ಎಂಬ ಪಂಡಿತನು, ಇಬ್ಬರು ಒಡೆಯರಿಗೆ ಒಂದೊಂದು ಖನಿಜಜಲದ ಊಟೆಯಿದ್ದರೆ ಅವರು ಹೇಗೆ ವರ್ತಿಸುವರೆಂದು ಗಣಿತದಿಂದ ವಿಚಾರಮಾಡಿದನು. ಇಲ್ಲಿ ಪ್ರತಿಯೊಬ್ಬನೂ ಇನ್ನೊಬ್ಬನ ಮುಖವನ್ನು ನೋಡಿಯೇ ಹೆಜ್ಜೆಯಿಡಬೇಕು. ಆದಕಾರಣ ಹೋರಾಡುವುದಕ್ಕಿಂತ ಒಳಗೊಳಗೇ ಒಪ್ಪಂದ ಮಾಡಿಕೊಳ್ಳುವುದು ಸುಖವೆಂದು ಅವರಿಗೆ ತೋರುವುದು ಸಹಜ. ಮನೆ ಕಟ್ಟಿಸಿದ ಪೋಷಕರಿಗೆ ಸಿಮೆಂಟಿನ ಬೆಲೆಯು ಚೆನ್ನಾಗಿ ನೆನಪಿರಬಹುದು. 2012ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು, ಸಿಮೆಂಟು ಕಂಪೆನಿಗಳು ಕೂಡಿಕೊಂಡು ಬೆಲೆಯನ್ನು ಏರಿಸಿದುವೆಂದು ತೀರ್ಮಾನಿಸಿ, ಹನ್ನೊಂದು ಕಂಪೆನಿಗಳಿಗೆ 6,000 ಕೋಟಿ ರೂಪಾಯಿಗಳಿಗೂ ಮೇಲ್ಪಟ್ಟ ದಂಡವನ್ನು ವಿಧಿಸಿತು. 1969ರ ಏಕಸ್ವಾಮ್ಯ ನಿರ್ಬಂಧದ ಕಾಯಿದೆಯ ಸ್ಥಾನದಲ್ಲಿ ಬಂದ 2002ರ ಸ್ಪರ್ಧಾ ಕಾಯಿದೆಯು ಆಯೋಗಕ್ಕೆ ಈ ಅಧಿಕಾರವನ್ನು ಕೊಟ್ಟಿದೆ. ದೊಡ್ಡವನಾಗಿರುವುದು ಈ ಕಾಯಿದೆಯಲ್ಲಿ ಅಪರಾಧವಲ್ಲ. ದೊಡ್ಡತನವನ್ನು ದುರುಪಯೋಗ ಮಾಡುವುದೂ ಗುಟ್ಟಾಗಿ ಕೂಡುವುದೂ ಅಪರಾಧ.

ಕೆಲವು ಕಡೆಗಳಲ್ಲಿ ಮಾತ್ರ ಒಬ್ಬನೇ ಇರುವುದು ಅನಿವಾರ್ಯ. 2021ರ ಆಗಸ್ಟ್‌ನಲ್ಲಿ ಮೆಟ್ರೋ ರೈಲು ಕೆಂಗೇರಿಯವರೆಗೆ ಬಂದಿತು. ಅದರ ಪಕ್ಕದಲ್ಲಿ ಇನ್ನೊಂದು ಕಂಪೆನಿಯು ಇನ್ನೊಂದು ಕಂಬದ ಸಾಲನ್ನು ನಿಲ್ಲಿಸುವುದು ಹುಚ್ಚುತನವಾದೀತು. ಇಂಥಲ್ಲಿ ದರವನ್ನು ಪೈಪೋಟಿಗೆ ಬಿಡದೆ ಸಮಿತಿಯೊಂದಕ್ಕೆ ವಹಿಸುತ್ತಾರೆ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರವು 60 ರೂಪಾಯಿಯಿಂದ 90ಕ್ಕೆ ಏರಿದಾಗ ಅನೇಕರು ಬಸ್ಸಿಗೂ ದ್ವಿಚಕ್ರ ವಾಹನಕ್ಕೂ ಮರಳಿದರು. ಎದುರಾಳಿಯೇ ಇಲ್ಲದವನಿಗೂ ಎಲ್ಲಿಯೋ ಒಬ್ಬ ಎದುರಾಳಿಯಿರುವನೆಂಬುದಕ್ಕೆ ಇದೂ ಒಂದು ಸಾಕ್ಷಿ.

ಇಲ್ಲಿಯವರೆಗೆ ಮಾರುವವರ ಸಂಖ್ಯೆಯನ್ನೇ ಎಣಿಸಿದೆವು. ಕೊಳ್ಳುವವರನ್ನು ಎಣಿಸುವುದು ಅಷ್ಟೇ ಮುಖ್ಯ. ನಮ್ಮ ಅಭಿಪ್ರಾಯದಲ್ಲಿ ನಮ್ಮ ಹುಡುಗಿಯರ ಜೀವನಕ್ಕೆ ಇದೇ ಹೆಚ್ಚು ಹತ್ತಿರವಾದುದು. ಅನೇಕರು ಮಾರುವಾಗ ಒಬ್ಬನೇ ಕೊಳ್ಳುವವನಿದ್ದರೆ ಅದನ್ನು ಕೊಳ್ಳುವವನ ಏಕಸ್ವಾಮ್ಯ ಎನ್ನಬಹುದು. ಜೋನ್ ರಾಬಿನ್ಸನ್ನರು ತಮ್ಮ ಗ್ರಂಥದಲ್ಲಿ ಇದಕ್ಕೆ ಹೊಸದೊಂದು ಹೆಸರನ್ನೇ ಇಟ್ಟರು.

ರೇಷ್ಮೆಯ ವಿಷಯವನ್ನು ತೆಗೆದುಕೊಳ್ಳಿ. ಕೆಂಗೇರಿಗೂ ರೇಷ್ಮೆಗೂ ಹಳೆಯ ನಂಟು. 1866ರಲ್ಲಿ ಡಿ ವೆಕ್ಕಿ ಎಂಬ ಇಟಲಿಯವನು ಅಲ್ಲಿ ಉಗಿಯಂತ್ರದಿಂದ ನೂಲು ತೆಗೆಯುವ ಕಾರ್ಖಾನೆಯನ್ನು ಸ್ಥಾಪಿಸಿದನು. ಹುಳುವು ಗೂಡು ಕಟ್ಟಿದ ಕೆಲವೇ ದಿನಗಳಲ್ಲಿ ಪತಂಗವು ಅದನ್ನು ತೂತುಮಾಡಿಕೊಂಡು ಹೊರಬರುತ್ತದೆ. ಆ ಮೇಲೆ ಉದ್ದನೆಯ ನೂಲು ಸಿಕ್ಕದು. ಆದಕಾರಣ ರೈತನು ಗೂಡನ್ನು ಮನೆಯಲ್ಲಿಟ್ಟು ಒಳ್ಳೆಯ ಬೆಲೆಗಾಗಿ ಕಾಯಲಾರನು. ಮನೆಯ ಬಾಗಿಲಿಗೆ ಬಂದ ವ್ಯಾಪಾರಿಯು ಒಬ್ಬನೇ ಆಗಿದ್ದರೆ ಅವನು ಹೇಳಿದ್ದೇ ಬೆಲೆ. 1959ರಲ್ಲಿ ಬಂದ ಕಾಯಿದೆಯು ಗೂಡಿನ ವ್ಯಾಪಾರವನ್ನು ನಿಯಂತ್ರಿತ ಮಾರುಕಟ್ಟೆಗಳಿಗೆ ತಂದಿತು. ರಾಮನಗರದ ದೊಡ್ಡ ಮಾರುಕಟ್ಟೆಯಲ್ಲಿ ನೂಲು ಬಿಚ್ಚುವವರು ನೂರಾರು ಮಂದಿ ಒಂದೇ ಚಾವಣಿಯ ಕೆಳಗೆ ಬಹಿರಂಗವಾಗಿ ಹರಾಜು ಕೂಗುತ್ತಿದ್ದರು. ದನಗಳ ಜಾತ್ರೆಯಲ್ಲಿ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವ ಪದ್ಧತಿಯನ್ನು ಹಿರಿಯರು ಕಂಡಿರಬಹುದು. ಎಲ್ಲರಿಗೂ ಕೇಳುವಂತೆ ಕೂಗಿದ ಬೆಲೆಗೂ ವಸ್ತ್ರದ ಮರೆಯಲ್ಲಿ ಹಿಡಿದ ಬೆರಳಿಗೂ ಇರುವ ವ್ಯತ್ಯಾಸವೇ ಇಲ್ಲಿನ ಪಾಠದ ಸಾರ.

ಇನ್ನು ಶ್ರಮದ ಪೇಟೆ. ನಮ್ಮ ಹುಡುಗಿಯರಲ್ಲಿ ಎಷ್ಟೋ ಮಂದಿಯ ತಾಯಂದಿರು ಪೀಣ್ಯದ ಮತ್ತು ಮೈಸೂರು ರಸ್ತೆಯ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಯುತ್ತಾರೆ. ಮನೆಗೆಲಸವನ್ನೂ ಮಕ್ಕಳನ್ನೂ ನೋಡಿಕೊಂಡು ನಡೆದು ಹೋಗಬಹುದಾದ ದೂರದಲ್ಲಿ ಕಾರ್ಖಾನೆಯು ಒಂದೇ ಇದ್ದರೆ, ನಗರದಲ್ಲಿ ನೂರು ಕಾರ್ಖಾನೆಗಳಿದ್ದರೂ ಆಕೆಯ ಪಾಲಿಗೆ ಕೊಳ್ಳುವವನು ಒಬ್ಬನೇ. ಅಲ್ಲಿ 10 ಮಂದಿಗೆ ದಿನಕ್ಕೆ 400 ರೂಪಾಯಿ ಕೂಲಿ ಇದೆ ಎನ್ನಿ. ಹನ್ನೊಂದನೆಯವಳು 420ಕ್ಕೆ ಕಡಮೆಯಾದರೆ ಬಾರಳು. ಆಕೆಗೆ 420 ಕೊಟ್ಟರೆ ಉಳಿದ ಹತ್ತು ಮಂದಿಗೂ ಅಷ್ಟನ್ನೇ ಕೊಡಬೇಕು. ಆಗ ಹನ್ನೊಂದನೆಯವಳಿಂದ ಹೆಚ್ಚುವ ಖರ್ಚು 420 ಅಲ್ಲ, 620. ಆಕೆಯ ಹೊಲಿಗೆಯಿಂದ 600 ರೂಪಾಯಿಯ ಲಾಭವಿದ್ದರೂ ಯಜಮಾನನು ಆಕೆಯನ್ನು ಸೇರಿಸಿಕೊಳ್ಳುವುದಿಲ್ಲ. ಹಿಂದೆ ನೋಡಿದ ಸೀಸೆಯ ಲೆಕ್ಕವೇ ತಲೆಕೆಳಗಾಗಿ ಇಲ್ಲಿ ಬಂದಿತು. ಈಗ ಸರಕಾರವು ಎಲ್ಲರಿಗೂ 420 ರೂಪಾಯಿ ಕನಿಷ್ಠ ಕೂಲಿಯೆಂದು ಗೊತ್ತುಮಾಡಿದರೆ, ಹತ್ತು ಮಂದಿಗೆ ಹೇಗೂ 420 ಕೊಡಲೇಬೇಕು. ಹನ್ನೊಂದನೆಯವಳಿಂದ ಹೆಚ್ಚುವ ಖರ್ಚು ಬರಿಯ 420. ಅವನು ಆಕೆಯನ್ನು ಸೇರಿಸಿಕೊಳ್ಳುತ್ತಾನೆ. ಕೂಲಿಯೂ ಹೆಚ್ಚಿತು, ಕೆಲಸವೂ ಹೆಚ್ಚಿತು! ಕನಿಷ್ಠ ಕೂಲಿಯನ್ನು ಏರಿಸಿದರೆ ಕೆಲಸಗಳು ಹೋಗಿಯೇ ಹೋಗುವುವೆಂದು ಖಂಡಿತವಾಗಿ ಹೇಳುವವರು ಪೇಟೆಯು ಯಾವ ಬಗೆಯದೆಂದು ಮೊದಲು ಕೇಳಲಿ. ಮಿತಿಮೀರಿ ಏರಿಸಿದರೆ ಕೆಲಸವು ಹೋಗುವುದೂ ನಿಜ. ಮೇಲಿನ ಲೆಕ್ಕದಲ್ಲಿಯೇ ಕೂಲಿಯು 600ನ್ನು ದಾಟಿದರೆ ಆಕೆಗೆ ಸ್ಥಳವಿಲ್ಲ. 1992ರಲ್ಲಿ ಅಮೆರಿಕದ ನ್ಯೂಜೆರ್ಸಿ ಸಂಸ್ಥಾನವು ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರಿನಿಂದ 5.05ಕ್ಕೆ ಏರಿಸಿತು. ಕಾರ್ಡ್ ಮತ್ತು ಕ್ರೂಗರ್ ಎಂಬ ಪಂಡಿತರು ಅಲ್ಲಿನ ಉಪಾಹಾರ ಗೃಹಗಳನ್ನು ಪಕ್ಕದ ಪೆನ್ಸಿಲ್ವೇನಿಯಾದವುಗಳೊಡನೆ ಹೋಲಿಸಿ ನೋಡಿ, ಕೆಲಸಗಳು ಕಡಮೆಯಾಗಲಿಲ್ಲವೆಂದು 1994ರಲ್ಲಿ ಪ್ರಕಟಿಸಿದರು. ಕಾರ್ಡರಿಗೆ 2021ರಲ್ಲಿ ನೊಬೆಲ್ ಬಹುಮಾನವು ಬಂದಿತು.

ನಮ್ಮ ದೇಶದಲ್ಲಿ 1948ರ ಕನಿಷ್ಠ ಕೂಲಿ ಕಾಯಿದೆಯು 2019ರ ವೇತನ ಸಂಹಿತೆಯೊಳಗೆ ಸೇರಿತು. ಕಾಯಿದೆಯಲ್ಲದೆ ಬೇರೆ ಎರಡು ದಾರಿಗಳೂ ಇವೆ. ಒಂದು, ಮಾರುವವರು ಒಂದಾಗುವುದು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹಣವನ್ನು 58 ವರ್ಷದವರೆಗೆ ಪೂರ್ತಿಯಾಗಿ ತೆಗೆಯಬಾರದೆಂಬ ನಿಯಮದ ವಿರುದ್ಧ ಬೆಂಗಳೂರಿನ ಉಡುಪು ಕಾರ್ಖಾನೆಗಳ ಸಹಸ್ರಾರು ಹೆಂಗಸರು ರಸ್ತೆಗಿಳಿದರು. ಎರಡನೆಯ ದಿನವೇ ಕೇಂದ್ರ ಸರಕಾರವು ಆ ನಿಯಮವನ್ನು ಹಿಂತೆಗೆದುಕೊಂಡಿತು. ಇನ್ನೊಂದು, ಕೊಳ್ಳುವವರ ಸಂಖ್ಯೆಯು ಹೆಚ್ಚುವುದು. 2023ರ ಜೂನ್ 11ರಂದು ಶಕ್ತಿ ಯೋಜನೆಯಿಂದ ಕರ್ನಾಟಕದ ಹೆಂಗಸರಿಗೆ ಸರಕಾರಿ ಬಸ್ಸಿನ ಸಾಮಾನ್ಯ ಪ್ರಯಾಣವು ಉಚಿತವಾಯಿತು. ಇದನ್ನು ಬರಿಯ ದಾನವೆಂದು ಕೆಲವರು ಎಣಿಸುತ್ತಾರೆ. ಆದರೆ ಕೆಂಗೇರಿ ಉಪನಗರದಲ್ಲಿ ಬಸ್ಸು ಹತ್ತುವ ಹೊಲಿಗೆಯವಳಿಗೆ ಈಗ ಪೀಣ್ಯದ ಕಾರ್ಖಾನೆಯೂ, ರಾಜಾಜಿನಗರದ ಕಾರ್ಖಾನೆಯೂ ದಾರಿಯ ಖರ್ಚಿಲ್ಲದೆ ಎಟಕುತ್ತವೆ. ಮನೆಯ ಹತ್ತಿರದ ಯಜಮಾನನು ಕೂಲಿಯನ್ನು ಗೊತ್ತುಮಾಡುವಾಗ ಆ ಬಸ್ಸಿನ ವೇಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಗಿದೆ.